ಲಿಫ್ಟ್ ಮಾಡಿಸದ ಪಿಕಪ್ಪು, ಮುರಕಲ್ಲಿನ ದಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ಹತ್ತಿರ ಬಂದಂತೆ ತೋಟದ ದಾರಿಯ ಪ್ರಶ್ನೆಗಳೂ ಬರುತ್ತವೆ. ಈ ಸಲದ ಪತ್ರಗಳೆಲ್ಲ ಕಾಸರಗೋಡು ಜಿಲ್ಲೆಯವು. ಲಿಫ್ಟ್ ಮಾಡಿಸದ, ಅಂದರೆ ಸಸ್ಪೆನ್ಷನ್ ಬದಲಿಸಿ ಎತ್ತರಿಸದೆ ಕಂಪನಿಯಿಂದ ಬಂದ ಎತ್ತರದಲ್ಲೇ ಇರುವ ಪಿಕಪ್ಪುಗಳ ಬಗ್ಗೆಯೇ ಎಲ್ಲರೂ ಕೇಳಿದ್ದಾರೆ.

ಪ್ರಶ್ನೆ: ಸೆಕೆಂಡ್‌ಹ್ಯಾಂಡ್ ಇಸುಜು ವಿ-ಕ್ರಾಸ್ ಫೋರ್‌ವೀಲ್ ತೆಗೆದುಕೊಂಡಿದ್ದೇನೆ. ಮನೆಯಿಂದ ತೋಟಕ್ಕೆ ಇಳಿಯುವುದು ಮುರಕಲ್ಲು (ಕೆಂಪುಕಲ್ಲು) ಕಡಿದು ಮಾಡಿದ ದಾರಿ. ನಡುವೆ ಒಂದು ದಿಣ್ಣೆ ಉಂಟು, ಅಲ್ಲಿ ಅಡಿ ತಾಗುತ್ತದೆ. ಎರಡು ಇಂಚು ಲಿಫ್ಟ್ ಮಾಡಿಸಿದರೆ ಸರಿಯಾಗುತ್ತದೆ ಎನ್ನುತ್ತಾರೆ ಗ್ಯಾರೇಜಿನವರು. ಮಾಡಿಸಲೇ?
— ಅಡಿಕೆ ಕೃಷಿಕರು, ಎಣ್ಮಕಜೆ

ಉತ್ತರ: ಬೇಡ. ಮೊದಲು ತಾಗುವುದು ಯಾವುದೆಂದು ತಿಳಿಯಬೇಕು. ಗಾಡಿ ತಣ್ಣಗಿರುವಾಗ ಫುಟ್‌ಬೋರ್ಡಿನ ಅಂಚು, ಗೇರ್‌ಬಾಕ್ಸ್ ಹೊತ್ತ ಅಡ್ಡಪಟ್ಟಿ, ಹಿಂದಿನ ಡಿಫರೆನ್ಷಿಯಲ್ ಗೋಳ (ಎರಡು ಚಕ್ರಗಳಿಗೆ ಬಲ ಹಂಚುವ ಗೇರುಗಳ ಉಂಡೆ), ಸ್ಟೆಪ್ನಿಯ ತಳ, ಹಿಂದೆ ಟ್ರೇಲರ್ ಕೊಕ್ಕೆ ಇದ್ದರೆ ಅದು, ಇಷ್ಟಕ್ಕೂ ದಪ್ಪಗೆ ಸೀಮೆಸುಣ್ಣ ಉಜ್ಜಿ. ಒಂದು ಸಲ ನಿಧಾನವಾಗಿ ಇಳಿದು ಹತ್ತಿ, ಅಡಿಗೆ ಬಗ್ಗಿ ನೋಡಿ. ಸುಣ್ಣ ಎಲ್ಲಿ ಕೆರೆದುಹೋಗಿದೆಯೋ ಅಲ್ಲಿಗೆ ಮಾತ್ರ ಮದ್ದು ಬೇಕು.

ಕೆರೆದದ್ದು ಗೋಳವಾದರೆ ಲಿಫ್ಟ್‌ನಿಂದ ಒಂದು ಮಿಲಿಮೀಟರೂ ಲಾಭವಿಲ್ಲ. ಲಿಫ್ಟ್ ಎತ್ತುವುದು ಚಾಸಿಯನ್ನು. ಹಿಂದಿನ ಗೋಳ ಇರುವುದು ಸ್ಪ್ರಿಂಗ್ ಪ್ಲೇಟಿನ ಕೆಳಗೆ, ಎರಡು ಚಕ್ರಗಳ ನಡುವಿನ ಆಕ್ಸಿಲ್‌ನಲ್ಲಿ. ಅದು ಏರಬೇಕಾದರೆ ಟಯರೇ ದೊಡ್ಡದಾಗಬೇಕು. 245/70 ಆರ್ 16 ಟಯರಿನ ವ್ಯಾಸ ಸುಮಾರು 749 ಮಿ.ಮೀ., 265/70 ಆರ್ 16ರದ್ದು 777 ಮಿ.ಮೀ. ಗೋಳ ಏರುವುದು ವ್ಯತ್ಯಾಸದ ಅರ್ಧದಷ್ಟು, ಅಂದರೆ 14 ಮಿ.ಮೀ. ಆ 14 ಮಿ.ಮೀ.ಗಾಗಿ ಸ್ಪೀಡೋಮೀಟರ್ ನಿಜಕ್ಕಿಂತ ಕಡಿಮೆ ತೋರಿಸತೊಡಗುತ್ತದೆ, ಪೂರ್ತಿ ತಿರುಗಿಸಿದಾಗ ಟಯರು ಒಳಗೆ ಉಜ್ಜಲೂಬಹುದು. ಅದರ ಬದಲು 20 ಸೆಂ.ಮೀ. ಎತ್ತರದ ಕಲ್ಲನ್ನು ಎರಡು ಚಕ್ರಗಳ ನಡುವೆ ಬಿಡದೆ ಒಂದು ಚಕ್ರದ ಅಡಿಗೇ ತಂದುಕೊಂಡರೆ ಗೋಳ ಸುಮಾರು 10 ಸೆಂ.ಮೀ. ಏರುತ್ತದೆ. ಕಲ್ಲು ಕಂಡರೆ ನಡುವೆ ಹಾಯಿಸುವುದು ಕಾರು ಓಡಿಸಿದವರ ಅಭ್ಯಾಸ. ಪಿಕಪ್ಪಿನಲ್ಲಿ ಅದನ್ನು ಬಿಡಬೇಕು.

ಫುಟ್‌ಬೋರ್ಡು ತಾಗುತ್ತಿದ್ದರೆ ಬೋಲ್ಟು ಬಿಚ್ಚಿ ತೆಗೆದಿಡಿ. ದಿಣ್ಣೆಯಲ್ಲಿ ಹೆಚ್ಚಾಗಿ ಮೊದಲು ಕೂರುವುದು ಅದೇ.

ಹೊಟ್ಟೆಯೇ ತಾಗುತ್ತಿದ್ದರೆ ಲಿಫ್ಟ್‌ನಿಂದ ಸ್ವಲ್ಪ ಪ್ರಯೋಜನ ಇದೆ ಎಂಬುದನ್ನು ಒಪ್ಪಬೇಕು. ವಿ-ಕ್ರಾಸ್‌ನ ಎದುರಿನ ಮತ್ತು ಹಿಂದಿನ ಚಕ್ರಗಳ ಅಂತರ 3,095 ಮಿ.ಮೀ., ಟೊಯೊಟಾ ಹೈಲಕ್ಸ್‌ನದ್ದು 3,085. ಇಷ್ಟು ಉದ್ದದ ಗಾಡಿಯ ನಡುಭಾಗ ದಿಣ್ಣೆಯ ನೆತ್ತಿಯಲ್ಲಿ ಕೂರುವುದು ಸಹಜ. ಎರಡು ಇಂಚು ಎತ್ತಿದರೆ ದಾಟಬಹುದಾದ ಕೋನ ಮೂರು, ನಾಲ್ಕು ಡಿಗ್ರಿ ಹೆಚ್ಚುತ್ತದೆ. ಆದರೆ ಇಷ್ಟೇ ಕೆಲಸವನ್ನು ಪಿಕ್ಕಾಸು ಅರ್ಧ ದಿನದಲ್ಲಿ ಮಾಡುತ್ತದೆ. ದಿಣ್ಣೆಯ ನೆತ್ತಿಯನ್ನು ನಾಲ್ಕು ಇಂಚು ಕಡಿಯಿರಿ. ಅದರ ಮೊದಲೂ ನಂತರವೂ ಚಕ್ರ ಹೋಗುವ ಎರಡು ಜಾಡುಗಳನ್ನು ಮಾತ್ರ ತಲಾ ಒಂದೂವರೆ ಮೀಟರು ಉದ್ದಕ್ಕೆ ತುಂಬಿಸಿ. ಬರೀ ಮುರಕಲ್ಲು ಚೂರು ತುಂಬಿಸಿದರೆ ಒಂದೇ ಮಳೆಗಾಲದಲ್ಲಿ ಅದು ಚಕ್ರದಡಿ ಪುಡಿಯಾಗಿ ಕೆಸರಾಗುತ್ತದೆ. ಕೆಳಗೆ ಮುರಕಲ್ಲು ಇರಲಿ, ಮೇಲಿನ ನಾಲ್ಕು ಇಂಚು 40 ಮಿ.ಮೀ. ಕರಿಕಲ್ಲು ಜಲ್ಲಿ ಹಾಕಿ ಬಡಿಯಿರಿ. ಮಳೆನೀರು ಜಾಡಿನಲ್ಲೇ ಹರಿಯದಂತೆ ಪಕ್ಕಕ್ಕೆ ಕಣಿ ತೋಡಿ. ಅದಿಲ್ಲದಿದ್ದರೆ ಹಾಕಿದ ಜಲ್ಲಿ ತೋಟದಲ್ಲಿ ಸಿಗುತ್ತದೆ.

ಲಿಫ್ಟ್‌ನಿಂದ ಬರುವ ತೊಂದರೆಯೂ ಇದೆ. ಎದುರಿನ ಡ್ರೈವ್ ಶಾಫ್ಟುಗಳು ಹೆಚ್ಚು ಓರೆಯಾಗಿ ತಿರುಗಿ ಜಾಯಿಂಟಿನ ರಬ್ಬರ್ ಬೂಟು ಬೇಗ ಹರಿಯುತ್ತದೆ, ಒಳಗೆ ಕೆಂಪು ಮಣ್ಣು ಸೇರಿದರೆ ಜಾಯಿಂಟೇ ಹೋಯಿತು. ಗಾಡಿಯ ಭಾರ ಮೇಲಕ್ಕೆ ಹೋಗುವುದರಿಂದ ಪಕ್ಕಕ್ಕೆ ವಾಲಿದ ದಾರಿಯಲ್ಲಿ ಮಗುಚುವ ಭಯವೂ ಹೆಚ್ಚು. ಇನ್ನು ಕಾನೂನು. ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದದ್ದು ಕೇರಳದ ಪ್ರಕರಣದಲ್ಲೇ. 182ಎ ಸೆಕ್ಷನ್ನಿನಂತೆ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ.

ಪ್ರಶ್ನೆ: ಮಳೆಗಾಲದಲ್ಲಿ ರಬ್ಬರ್ ತೋಟದ ಮಣ್ಣು ದಾರಿಯಲ್ಲಿ ಟಯರು ಜಾರುತ್ತದೆ. ಗಾಳಿ ಕಡಿಮೆ ಮಾಡಿ ಎನ್ನುತ್ತಾರೆ. ಎಷ್ಟು?
— ಓದುಗರು, ಮುಳ್ಳೇರಿಯ

ಉತ್ತರ: ಲಿಫ್ಟ್‌ಗೆ ಕೊಡುವ ದುಡ್ಡಿನ ಹತ್ತರಲ್ಲೊಂದು ಭಾಗ ಗಾಳಿ ಅಳೆಯುವ ಒಂದು ಒಳ್ಳೆ ಗೇಜಿಗೂ 12 ವೋಲ್ಟಿನ ಕಂಪ್ರೆಸರಿಗೂ ಹಾಕಿದರೆ ಫಲ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿ ಖಾಲಿ ಗಾಡಿಗೆ, ಲೋಡು ಗಾಡಿಗೆ ಬೇರೆ ಬೇರೆ ಅಂಕಿ ಇರುತ್ತದೆ. ಹಲವರು ವರ್ಷವಿಡೀ ಲೋಡಿನ ಗಾಳಿಯಲ್ಲೇ ಖಾಲಿ ಓಡಿಸುತ್ತಾರೆ, ಹಿಂದಿನ ಟಯರು ಕಲ್ಲಿನಂತೆ ಗಟ್ಟಿಯಾಗಿ ನೆಲವನ್ನು ನಡುಪಟ್ಟಿಯಲ್ಲಿ ಮಾತ್ರ ಮುಟ್ಟುತ್ತದೆ. ಜಾರುವುದಕ್ಕೆ ಅರ್ಧ ಕಾರಣ ಅದೇ. ಟ್ರೇ ಖಾಲಿ ಅಥವಾ ಹಗುರ ಇರುವಾಗ, ತಣ್ಣಗಿನ ಟಯರಿನಲ್ಲಿ ಅಳೆದು, ಮುರಕಲ್ಲಿನ ಏರಿಗೆ 24ರಿಂದ 26 ಪಿ.ಎಸ್.ಐ., ಕೆಸರಿಗೆ 18ರಿಂದ 20, ಹೊಳೆಯ ಸಡಿಲ ಮರಳಿಗೆ 15ರಿಂದ 18. ಖಾಲಿ ಪಿಕಪ್ಪಿನ ಹಿಂಭಾಗ ಹಗುರವಾದ್ದರಿಂದ ಹಿಂದೆ ಎದುರಿಗಿಂತ ಎರಡು ಪಿ.ಎಸ್.ಐ. ಕಡಿಮೆ ಇರಬಹುದು. ಇಳಿಸಿದಾಗ ಟಯರು ಉದ್ದಕ್ಕೆ ಹರಡಿ ನೆಲ ಮುಟ್ಟುವ ಜಾಗ ದೊಡ್ಡದಾಗುತ್ತದೆ, ಕಲ್ಲಿನ ಮೊನೆಯ ಮೇಲೆ ಬಾಗಿ ಕೂರುತ್ತದೆ.

ಇಷ್ಟು ಇಳಿಸಿದ ಮೇಲೆ ಗಂಟೆಗೆ 20, 25 ಕಿ.ಮೀ. ಮೀರಬೇಡಿ. ಸ್ಟಿಯರಿಂಗನ್ನು ಗಕ್ಕನೆ ಪೂರ್ತಿ ತಿರುಗಿಸಿದರೆ ಟಯರಿನ ಅಂಚು ರಿಮ್ಮಿನಿಂದ ಕಳಚುತ್ತದೆ. ಕೆಸರಿನಲ್ಲಿ ಕಳಚಿದ ಟ್ಯೂಬ್‌ಲೆಸ್ ಟಯರನ್ನು ಮತ್ತೆ ಕೂರಿಸುವುದು ಸಣ್ಣ ಕಂಪ್ರೆಸರಿನಿಂದ ಆಗುವ ಕೆಲಸವಲ್ಲ. ಟ್ರೇಯಲ್ಲಿ ಗೊಬ್ಬರವೋ ರಬ್ಬರ್ ಶೀಟೋ ತುಂಬಿದ್ದರೆ ಗಾಳಿ ಇಳಿಸಲೇಬೇಡಿ, ಪಕ್ಕದ ಗೋಡೆ ಬಿಸಿಯಾಗಿ ಒಡೆಯುತ್ತದೆ. ಡಾಂಬರು ಸಿಕ್ಕಿದ ಕೂಡಲೇ ತುಂಬಿಸಿ. ಕಂಪ್ರೆಸರನ್ನು ಸಿಗರೇಟ್ ಲೈಟರಿಗೆ ಚುಚ್ಚಿದರೆ ಫ್ಯೂಸು ಹೋಗಬಹುದು. ಕ್ಲಿಪ್ಪು ಹಾಕಿ ನೇರ ಬ್ಯಾಟರಿಯಿಂದ ತೆಗೆದುಕೊಳ್ಳಿ, ಎಂಜಿನ್ ಓಡುತ್ತಿರಲಿ.

ಪ್ರಶ್ನೆ: ಕಾಂಕ್ರೀಟು ರಸ್ತೆಯಲ್ಲಿ ಫೋರ್‌ವೀಲ್ ಹಾಕಿ ತಿರುಗಿಸಿದರೆ ಅಡಿಯಿಂದ ಕಟಕಟ ಶಬ್ದ, ಸ್ಟಿಯರಿಂಗ್ ಬಿಗಿ. ಏನು ಕೆಟ್ಟಿದೆ?
— ಓದುಗರು, ವರ್ಕಾಡಿ

ಉತ್ತರ: ಸದ್ಯಕ್ಕೆ ಏನೂ ಕೆಟ್ಟಿಲ್ಲ, ಹೀಗೇ ಮುಂದುವರಿಸಿದರೆ ಕೆಡುತ್ತದೆ. ತಿರುವಿನಲ್ಲಿ ಎದುರಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಹೋಗುತ್ತವೆ. ಇಂಥ ಪಿಕಪ್ಪುಗಳಲ್ಲಿ ಎದುರಿಗೂ ಹಿಂದಕ್ಕೂ ನಡುವೆ ಆ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇರುವುದಿಲ್ಲ. ಕೆಸರಿನಲ್ಲಾದರೆ ಯಾವುದೋ ಚಕ್ರ ಸ್ವಲ್ಪ ಜಾರಿ ಬಿಗಿತ ಬಿಡಿಸುತ್ತದೆ. ಒಣ ಕಾಂಕ್ರೀಟಿನಲ್ಲಿ ಜಾರಲು ಜಾಗವಿಲ್ಲದೆ ಶಾಫ್ಟು, ಎದುರಿಗೂ ಹಿಂದಕ್ಕೂ ಬಲ ಕಳಿಸುವ ಟ್ರಾನ್ಸ್‌ಫರ್ ಕೇಸುಗಳೇ ತಿರುಚಿಕೊಳ್ಳುತ್ತವೆ. ಗಟ್ಟಿ ನೆಲದಲ್ಲಿ ಟೂ ಹೈ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ), ಸಡಿಲ ನೆಲದಲ್ಲಿ ಫೋರ್ ಹೈ (ನಾಲ್ಕೂ ಚಕ್ರಕ್ಕೆ). ಕಡಿದಾದ ಏರು, ಇಳಿಜಾರಿಗೆ ಫೋರ್ ಲೋ (ನಾಲ್ಕೂ ಚಕ್ರಕ್ಕೆ, ನಿಧಾನ ವೇಗ, ಹೆಚ್ಚು ಬಲ), ಅದನ್ನು ಹಾಕುವಾಗ ಗಾಡಿ ಪೂರ್ತಿ ನಿಂತಿರಬೇಕು, ನ್ಯೂಟ್ರಲ್‌ನಲ್ಲಿರಬೇಕು. ಏರಿನ ಬುಡದಲ್ಲೇ ಹಾಕಿಕೊಳ್ಳಿ, ಅರ್ಧ ಹತ್ತಿ ಅಲ್ಲ.

ಪಾಚಿ ಹಿಡಿದ ಮುರಕಲ್ಲಿನ ಇಳಿಜಾರಿನಲ್ಲಿ ಫೋರ್ ಲೋ, ಒಂದನೇ ಗೇರು, ಕ್ಲಚ್ಚಿನ ಮೇಲೆ ಕಾಲಿಡಬಾರದು. ಏರುವಾಗ ಅರ್ಧದಲ್ಲಿ ಎಂಜಿನ್ ನಿಂತರೆ ಬ್ರೇಕು ಹಿಡಿದು, ರಿವರ್ಸ್ ಗೇರಿಗೆ ಹಾಕಿ, ಬಂದ ಜಾಡಿನಲ್ಲೇ ನೇರ ಹಿಂದಕ್ಕೆ ಇಳಿಯಬೇಕು. ಅಲ್ಲೇ ಅಡ್ಡ ತಿರುಗಿಸಲು ಹೋದರೆ ಮಗುಚುತ್ತದೆ.

ಪ್ರಶ್ನೆ: ನನ್ನದು ಟೂವೀಲ್ ಡ್ರೈವ್ ಪಿಕಪ್. ಚರಂಡಿ ಓರೆಯಾಗಿ ದಾಟುವಾಗ ಹಿಂದಿನ ಒಂದು ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಗಾಡಿ ಅಲ್ಲಾಡುವುದಿಲ್ಲ.
— ಓದುಗರು, ಬಾಯಾರು

ಉತ್ತರ: ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮಾನ ಬಲ ಕೊಡುತ್ತದೆ. ಎತ್ತಿದ ಚಕ್ರ ಸಲೀಸಾಗಿ ತಿರುಗುವುದರಿಂದ ನೆಲದ ಮೇಲಿನದ್ದಕ್ಕೂ ಸಿಗುವುದು ಅಷ್ಟೇ ಅಲ್ಪ. ಹ್ಯಾಂಡ್‌ಬ್ರೇಕು ಹಿಂದಿನ ಡ್ರಮ್ಮಿಗೆ ಹಿಡಿಯುವ ಗಾಡಿಯಾದರೆ ಅದನ್ನು ಎರಡು ಮೂರು ಹಲ್ಲು ಎಳೆದು, ಒಂದನೇ ಗೇರಿನಲ್ಲಿ ನಿಧಾನ ಆಕ್ಸಿಲರೇಟರ್ ಕೊಡಿ. ತಿರುಗುವ ಚಕ್ರಕ್ಕೆ ತಡೆ ಬಂದಷ್ಟೂ ಇನ್ನೊಂದಕ್ಕೆ ಬಲ ಹೋಗುತ್ತದೆ. ಹೊರಬಂದ ಮೇಲೆ ಬ್ರೇಕು ಬಿಡಲು ಮರೆಯಬೇಡಿ.

ಟ್ರೇ ಖಾಲಿ ಇದ್ದರೆ ಮರಳು ತುಂಬಿದ ಗೋಣಿ ಮೂರು, ಒಟ್ಟು 120ರಿಂದ 150 ಕೆ.ಜಿ., ಹಿಂದಿನ ಆಕ್ಸಿಲ್‌ಗಿಂತ ತುಸು ಮುಂದೆ ಇಟ್ಟು ಹಗ್ಗದಿಂದ ಬಿಗಿಯಿರಿ. ಟನ್ನುಗಟ್ಟಲೆ ಹೊರಲು ಮಾಡಿದ ಪ್ಲೇಟು ಖಾಲಿ ಇದ್ದಾಗ ಬಾಗುವುದೇ ಇಲ್ಲ, ಅದಕ್ಕೇ ಚಕ್ರ ಎತ್ತುವುದು. ಟ್ರೇಯ ತುದಿಯಲ್ಲಿ ಭಾರ ಇಟ್ಟರೆ ಎದುರಿನ ಚಕ್ರ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ.

ಪ್ರಶ್ನೆ: ಪಯಸ್ವಿನಿ ಹೊಳೆಯ ಆಚೆ ಬದಿ ತೋಟ. ಬೇಸಿಗೆಯಲ್ಲಿ ಕಟ್ಟದ (ಹೊಳೆಗೆ ಅಡ್ಡ ಹಾಕಿದ ಒಡ್ಡಿನ) ಹತ್ತಿರ ನೀರಿನಲ್ಲಿ ಇಳಿದು ದಾಟುತ್ತೇವೆ. ಎಷ್ಟು ನೀರಿನವರೆಗೆ ದಾಟಿಸಬಹುದು?
— ಓದುಗರು, ಆದೂರು

ಉತ್ತರ: ಹೈಲಕ್ಸ್‌ಗೆ 700 ಮಿ.ಮೀ. ಎಂದು ಕಂಪನಿಯೇ ಹೇಳುತ್ತದೆ. ಆದರೆ ಅದು ಗಟ್ಟಿ ತಳದ ನಿಂತ ನೀರಿನ ಲೆಕ್ಕ ಎಂದೇ ಇಟ್ಟುಕೊಳ್ಳಿ. ಯಾವುದೇ ಪಿಕಪ್ಪಿಗೆ ನಾವು ಹೇಳುವ ಮಿತಿ ಚಕ್ರದ ನಡುಬಿಂದು, ಅಂದರೆ ಸುಮಾರು 37 ಸೆಂ.ಮೀ. ಹರಿಯುವ ನೀರು 60 ಸೆಂ.ಮೀ. ಆದರೆ ಪಿಕಪ್ಪನ್ನೂ ಒಯ್ಯಬಲ್ಲದು. ಮಳೆಗಾಲದ ಕೆಂಪು ನೀರಿಗೆ ಇಳಿಯುವ ಮಾತೇ ಬೇಡ. ಬೇಸಿಗೆಯಲ್ಲೂ ಕಟ್ಟದ ಮೇಲ್ಬದಿಯಲ್ಲಿ ನೀರು ಆಳ, ಕೆಳಬದಿಯಲ್ಲೇ ದಾಟಬೇಕು. ಕಟ್ಟದ ಮೇಲೆ ಚಕ್ರ ಹತ್ತಿಸಬಾರದು.

ಮೊದಲು ಒಬ್ಬರು ಕೋಲು ಹಿಡಿದು ಎರಡೂ ಚಕ್ರದ ಜಾಡಿನಲ್ಲಿ ನಡೆದು ನೋಡಲಿ. ಗಾಡಿಯನ್ನು ದಡದಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ. ಓಡಿ ಬಂದ ಬಿಸಿ ಆಕ್ಸಿಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಆಕ್ಸಿಲ್ಲಿನ ಬ್ರೀದರ್ (ಗಾಳಿಯಾಡುವ ಸಣ್ಣ ಕಿಂಡಿ) ಕಟ್ಟಿಕೊಂಡಿದ್ದರೆ ಆಯಿಲ್ ಸೀಲಿನ ಮೂಲಕ ನೀರನ್ನೇ ಒಳಗೆಳೆಯುತ್ತದೆ. ಬ್ರೀದರಿನ ಮಣ್ಣು ಕೆರೆದು ತೆಗೆಯುವುದು ಐದು ನಿಮಿಷದ ಕೆಲಸ.

ಫೋರ್ ಲೋ, ಒಂದನೇ ಅಥವಾ ಎರಡನೇ ಗೇರು, ಜೋರಾಗಿ ನಡೆಯುವ ವೇಗ. ಎದುರಿಗೆ ಒಂದು ಸಣ್ಣ ಅಲೆ ಏಳಬೇಕು, ಅದರ ಹಿಂದೆಯೇ ಗಾಡಿ ಸಾಗಬೇಕು. ನಡುವೆ ಗೇರು ಬದಲಿಸಬೇಡಿ. ಎಂಜಿನ್ ನಿಂತುಹೋದರೆ ಕೀ ತಿರುಗಿಸಲೇಬೇಡಿ. ಗಾಳಿಯ ದಾರಿಯಲ್ಲಿ ನೀರು ಹೋಗಿದ್ದರೆ ಸಿಲಿಂಡರಿನಲ್ಲಿ ಅದು ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡು ಬಾಗುತ್ತದೆ. ಎಳೆದು ಹೊರತನ್ನಿ, ಏರ್ ಫಿಲ್ಟರ್ ಒದ್ದೆಯಾಗಿದೆಯೇ ನೋಡಿ, ಆಗಿದ್ದರೆ ಮೆಕ್ಯಾನಿಕ್ ಬರುವವರೆಗೆ ಸ್ಟಾರ್ಟ್ ಬೇಡ. ದಾಟಿದ ಮೇಲೆ ಬ್ರೇಕು ನಾಲ್ಕೈದು ಸಲ ಮೆಲ್ಲಗೆ ಒತ್ತಿ ಒಣಗಿಸಿ. ವಾರದೊಳಗೆ ಡಿಫರೆನ್ಷಿಯಲ್ ತುಂಬುವ ಬೋಲ್ಟು ಬಿಚ್ಚಿ ಬೆರಳು ಹಾಕಿ ನೋಡಿ. ಆಯಿಲು ಹಾಲು ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಬೇಕು.

ಪ್ರಶ್ನೆ: ರಾಣಿಪುರದ ಕಡೆ ಕಾಡಿನ ದಾರಿಯಲ್ಲಿ ಪಿಕಪ್ ಓಡಿಸಬಹುದೇ?
— ಓದುಗರು, ಪನತ್ತಡಿ

ಉತ್ತರ: ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ವಾಹನ ಒಯ್ದರೆ 1961ರ ಕೇರಳ ಅರಣ್ಯ ಕಾಯ್ದೆಯಡಿ ಕೇಸಾಗುತ್ತದೆ. ಹುಲ್ಲುಗಾವಲಿಗೆ ನಡೆದೇ ಹೋಗಿ.

ಪ್ರಶ್ನೆ: ಹೂತುಹೋದರೆ ತೆಗೆಯಲು ಗಾಡಿಯಲ್ಲಿ ಏನೇನು ಇಟ್ಟುಕೊಳ್ಳಬೇಕು? ಲಾರಿಯ ಹಗ್ಗ ಸಾಕೇ?
— ಓದುಗರು, ದೇಲಂಪಾಡಿ

ಉತ್ತರ: ಚಕ್ರ ತಿರುಗುತ್ತಲೇ ಇದ್ದು ಗಾಡಿ ಮುಂದೆ ಹೋಗದಿದ್ದರೆ ಕೂಡಲೇ ಆಕ್ಸಿಲರೇಟರ್ ಬಿಡಿ. ಇನ್ನೊಂದು ನಿಮಿಷ ತಿರುಗಿಸಿದರೆ ಗೋಳ ನೆಲಕ್ಕೆ ಕೂರುತ್ತದೆ, ಆಮೇಲೆ ಏನು ಮಾಡಿದರೂ ಅಗೆಯದೆ ಬರುವುದಿಲ್ಲ. ಗುದ್ದಲಿಯಿಂದ ಪ್ರತಿ ಚಕ್ರದ ಮುಂದೆ ಇಳಿಜಾರಾಗಿ ಮಣ್ಣು ತೆಗೆಯಿರಿ, ಗೋಳದ ಅಡಿಯನ್ನೂ ಬಿಡಿಸಿ. ಅಡಿಕೆ ಮರದ ಸಲಾಕೆಗಳನ್ನು ಚಕ್ರದಡಿ ಅಡ್ಡಡ್ಡ ಜೋಡಿಸಿ ಮೇಲೆ ಗೋಣಿ ಹಾಸಿದರೆ ದುಬಾರಿ ಪ್ಲಾಸ್ಟಿಕ್ ಹಲಗೆಯ ಕೆಲಸ ಹೆಚ್ಚುಕಡಿಮೆ ಆಗುತ್ತದೆ. ಸಲಾಕೆಯನ್ನು ಉದ್ದಕ್ಕೆ ಇಟ್ಟರೆ ಚಕ್ರ ಅದನ್ನು ಹಿಂದಕ್ಕೆ ಬಾಣದಂತೆ ಎಸೆಯುತ್ತದೆ, ಹಿಂದೆ ಯಾರೂ ನಿಲ್ಲಬಾರದು. ಗಾಡಿಯ ಜೊತೆ ಬಂದ ಜ್ಯಾಕು ಕೆಸರಿನಲ್ಲಿ ಇಳಿಯುತ್ತದೆ, ಒಂದಡಿ ಚದರದ, ಎರಡು ಇಂಚು ದಪ್ಪದ ಮರದ ಹಲಗೆ ಸೀಟಿನ ಹಿಂದೆ ಇರಲಿ.

ಲಾರಿಯ ಹಗ್ಗ, ಚೈನು ನಿಧಾನವಾಗಿ ಎಳೆಯಲು ಮಾತ್ರ. ಓಡಿಬಂದು ಜಗ್ಗಿದರೆ ಕೊಕ್ಕೆ ಕಿತ್ತು ಹಾರುತ್ತದೆ. ಜಗ್ಗಲೇಬೇಕಾದರೆ ಹಿಗ್ಗುವ ನೈಲಾನ್ ಹಗ್ಗ ಬೇಕು, ಅದು ತುಂಡಾಗುವ ಮಿತಿ ಗಾಡಿಯ ತೂಕದ ಮೂರು ಪಟ್ಟಾದರೂ ಇರಲಿ. ಜೊತೆಗೆ 4.75 ಟನ್ ಎಂದು ಅಚ್ಚೊತ್ತಿದ ಶ್ಯಾಕಲ್ (ಹಗ್ಗ ಸಿಕ್ಕಿಸುವ ಕಬ್ಬಿಣದ ಕೊಂಡಿ) ಎರಡು. ಕಟ್ಟುವುದು ಚಾಸಿಗೆ ಬೋಲ್ಟಾದ ಟೋ ಹುಕ್ಕಿಗೆ. ಟ್ರೇಲರ್ ಸಿಕ್ಕಿಸುವ ಉಂಡೆಗಾಗಲಿ ಬಂಪರಿಗಾಗಲಿ ಕಟ್ಟಬಾರದು, ಅಡಿಯಲ್ಲಿ ಕಾಣುವ ಸಣ್ಣ ಬಳೆಗಳಿಗಂತೂ ಬೇಡವೇ ಬೇಡ, ಅವು ಗಾಡಿಯನ್ನು ಸಾಗಿಸುವಾಗ ಬಿಗಿದು ಕಟ್ಟಲು ಇರುವಂಥವು. ಹಗ್ಗದ ನಡುವೆ ಒದ್ದೆ ಗೋಣಿ ಹೊದಿಸಿ, ನೋಡಲು ಬಂದವರನ್ನು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ ಕಳಿಸಿ. ಜೆಸಿಬಿ ಸಿಕ್ಕಿದರೆ ಹಿಗ್ಗದ ಪಟ್ಟಿ ಕಟ್ಟಿ, ಬಕೆಟಿನಿಂದ ಎತ್ತದೆ, ನೆಲದ ಮಟ್ಟದಲ್ಲೇ ಮೆಲ್ಲಗೆ ಎಳೆಯಲು ಹೇಳಿ.