ಪ್ರ: ಮೂರು ವರ್ಷದ ಮಗಳು ಜಿಗಿಯೋಕೆ ಹೆದರ್ತಾಳೆ, ರಾಯಚೂರಿನ ಬಿಸಿಲಲ್ಲಿ ಏನು ಆಡಿಸಲಿ?

ಅಕ್ಕಾ, ಮಗಳು ಜಿಗಿಯಲು ಹೆದರುತ್ತಾಳೆ, ಈ ಬಿಸಿಲಲ್ಲಿ ಹೊರಗೆ ಬಿಡೋಕೂ ಆಗಲ್ಲ ಅಂದಿದ್ದೀರಿ. ಜಿಗಿಯೋಕೆ ಮೈದಾನ ಯಾಕೆ, ಪಡಸಾಲೆ ಸಾಕು.

ಕೆರೆ-ದಡ ಆಡಿಸಿ. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಆಚೆ ಕೆರೆ, ಈಚೆ ದಡ. ಎದುರು ನಿಂತು ಅವಳ ಎರಡೂ ಕೈ ಹಿಡಿಯಿರಿ. ಮೊಣಕಾಲು ಸ್ವಲ್ಪ ಮಡಚಿ, 'ಕೆರೆ' ಅಂದ ಕೂಡಲೇ ಇಬ್ಬರೂ ಹಾರಿ. ಶುರುವಿನಲ್ಲಿ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಬೀಳುತ್ತೆ. ಬೀಳಲಿ ಬಿಡಿ. ಧೈರ್ಯ ಬಂದ ಮೇಲೆ ಒಂದೇ ಕೈ, ಆಮೇಲೆ ಬರೀ ಬೆರಳು ಕೊಡಿ. ಬರಿಗಾಲಲ್ಲೇ ಆಡಲಿ, ಸಾಕ್ಸ್ ಹಾಕಿದರೆ ಶಾಬಾದಿ ಕಲ್ಲಿನ ಮೇಲೆ ಜಾರುತ್ತೆ. ಕುಂಟೆಬಿಲ್ಲೆಗೆ ಅವಸರ ಬೇಡ. ಒಂಟಿ ಕಾಲಲ್ಲಿ ಕುಂಟೋದು ಸಾಮಾನ್ಯವಾಗಿ ನಾಲ್ಕರ ಹೊತ್ತಿಗೆ ಬರುತ್ತೆ.

3–4 ವರ್ಷದ ಮಕ್ಕಳು ದಿನಕ್ಕೆ 180 ನಿಮಿಷವಾದರೂ ಓಡಾಡಿಕೊಂಡಿರಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಆಟ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಗಾಬರಿ ಬೇಡ, ಒಂದೇ ಸಲಕ್ಕಲ್ಲ! ಬೆಳಿಗ್ಗೆ ಬಿಸಿಲೇರುವ ಮುಂಚೆ ಓಣಿಯಲ್ಲಿ ಓಟ, ಹೊತ್ತು ಇಳಿದ ಮೇಲೆ ಚೆಂಡು. ಮಧ್ಯಾಹ್ನ ಕೌದಿ ಮಡಚಿ ಗುಡ್ಡದಂತೆ ಒಟ್ಟಿ, ಹತ್ತಿ ಇಳಿಯಲಿ. ಆಗಾಗ ನೀರು ಕುಡಿಸಿ.

ಒಂದು ಮಾತ್ರ ಗಮನಿಸಿ. ನೆಲದಿಂದ ಏಳುವಾಗ ತೊಡೆ ಮೇಲೆ ಕೈ ಊರಿ ಊರಿ ಏಳುತ್ತಾಳಾ? ಜಾಸ್ತಿ ಬೀಳುತ್ತಾಳಾ? ಮೊದಲು ಮಾಡುತ್ತಿದ್ದದ್ದು ಈಗ ಬರುತ್ತಿಲ್ಲವಾ? ಹಾಗಿದ್ದರೆ ಆಟ ಆಡಿಸುತ್ತಾ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಅಂಗನವಾಡಿಗೆ ತಪಾಸಣೆಗೆ ಬರುವ ತಂಡಕ್ಕೂ ಹೇಳಬಹುದು.