ಬೆಳಿಗ್ಗೆ ಏಳದ ಸರ್ವಿಸ್, ರಾತ್ರಿ ಬಾರದ ನಿದ್ದೆ

(ನಾನು ಆಪ್ತಸಲಹೆಗಾರ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಸಲಹೆಗೆ ಬಂದವರಿಗೆ 28 ವರ್ಷ. ಊರು ಕುಮಟಾ ಕಡೆ. ಕೆಲಸ ಶಿರಸಿಯಲ್ಲಿ, ಅಡಿಕೆ ವಹಿವಾಟಿನ ಒಂದು ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವುದು. ಮಳೆಯಲ್ಲಿ ನೆನೆದುಕೊಂಡೇ ಬಂದಿದ್ದರು. ಕೂತ ಮೇಲೂ ಮೊಬೈಲ್ ಕೆಳಗಿಡಲಿಲ್ಲ. ಎರಡು ತಿಂಗಳಿಂದ ನಿದ್ದೆ ಇಲ್ಲ, ಭಾನುವಾರವೂ ದೇವಿಮನೆ ಘಟ್ಟ ಇಳಿದು ಮನೆಗೆ ಹೋಗುತ್ತಿಲ್ಲ ಎಂದರು.

ರಾತ್ರಿ ಕರೆಂಟ್ ಹೋಗುತ್ತೆ, ಯುಪಿಎಸ್ ಬ್ಯಾಟರಿ ಮುಗಿಯುತ್ತೆ. ಕರೆಂಟ್ ಬಂದಾಗ ಲಿನಕ್ಸ್ ಸರ್ವರ್ ತಾನೇ ಏಳುತ್ತೆ, ಅದರೊಳಗೆ ಓಡಬೇಕಾದ ಬಿಲ್ಲಿಂಗ್ ಪ್ರೋಗ್ರಾಂ, ಅಂದರೆ ಬಿಲ್ಲಿಂಗ್ ಸರ್ವಿಸ್, ಮಾತ್ರ ಏಳಲ್ಲ. ಇವರು ಆರು ಗಂಟೆಗೇ ಓಡಿ ಹೋಗಿ ಡೀಮನ್-ರಿಲೋಡ್ (ಸರ್ವಿಸ್‌ಗಳ ಪಟ್ಟಿ ಮತ್ತೆ ಓದು ಎನ್ನುವ ಆದೇಶ) ಕೊಟ್ಟು ಶುರು ಮಾಡಿದರೆ ತಕರಾರಿಲ್ಲದೆ ಓಡುತ್ತೆ. "ನಂಗೆ ಈ ಕೆಲಸ ಬರೋದೇ ಇಲ್ಲ ಸರ್" ಎಂದು ಅತ್ತುಬಿಟ್ಟರು.

ಈ ವೃತ್ತಿಗೆ ಬರುವ ಮೊದಲು ನಾನೂ ಸರ್ವರ್ ನೋಡಿಕೊಂಡವನು. ಆಪ್ತಸಲಹೆಯಲ್ಲಿ ಆ ವಿಷಯಕ್ಕೆ ಕೈ ಹಾಕುವುದಿಲ್ಲ. ಇವರ ವಿಷಯದಲ್ಲಿ ಹಾಕಲೇಬೇಕು ಅನ್ನಿಸಿತು. ಸುಮ್ನೆ ಧೈರ್ಯ ಹೇಳಿ ಕಳಿಸಿದರೆ ಮರುದಿನ ಮತ್ತೆ ಅದೇ ಓಟ, ಅಲ್ವಾ?

ಹಾಳೆ ಕೊಟ್ಟು, ಯಾವ ಫೈಲ್ ಎಲ್ಲಿದೆ ಬರೆಯಿರಿ ಎಂದೆ. ಬಿಲ್ಲಿಂಗ್‌ನದ್ದೆಲ್ಲ ಎರಡನೇ ಡಿಸ್ಕ್‌ನಲ್ಲಿ. ಸರ್ವಿಸನ್ನು ಹೇಗೆ ಶುರು ಮಾಡಬೇಕೆಂದು ಹೇಳುವ ಯುನಿಟ್ ಫೈಲ್ ಕೂಡ ಅಲ್ಲೇ! ಸೆಟ್ಟಿಂಗ್‌ಗಳ ಫೋಲ್ಡರ್ ಇಟಿಸಿ ಕೆಳಗಿದ್ದದ್ದು ಬರೀ ಲಿಂಕ್, ಅಂದರೆ ಫೈಲ್ ಅಲ್ಲಿದೆ ಎಂದು ಬೆರಳು ತೋರಿಸುವ ಗುರುತು.

ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಎಬ್ಬಿಸುವುದು ಸಿಸ್ಟಮ್‌ಡಿ. ಅದು ಹಾಜರಿ ಕೂಗುವುದು ಬೂಟ್‌ನ ಶುರುವಿನಲ್ಲೇ. ಆಗ ಕೈಗೆ ಸಿಗುವುದು ರೂಟ್ ಫೈಲ್‌ಸಿಸ್ಟಮ್, ಅಂದರೆ ಲಿನಕ್ಸ್ ಇರುವ ಮುಖ್ಯ ಜಾಗ. ಎರಡನೇ ಡಿಸ್ಕ್ ಮೌಂಟ್ ಆಗುವುದು, ಅಂದರೆ ಬಳಕೆಗೆ ಜೋಡಣೆಯಾಗುವುದು, ಆಮೇಲೆ. ಲಿಂಕ್ ತೋರಿಸುವ ಜಾಗದಲ್ಲಿ ಏನೂ ಇರಲ್ಲ, ಸರ್ವಿಸ್ ಲೆಕ್ಕಕ್ಕೇ ಬರಲ್ಲ. ಬಸ್ ತಡವಾದ ಹುಡುಗನಿಗೆ ಗೈರುಹಾಜರಿ ಬಿದ್ದ ಹಾಗೆ. ರಿಲೋಡ್ ಕೊಟ್ಟರೆ ಮತ್ತೆ ಹಾಜರಿ ಕೂಗುತ್ತೆ, ಅದಕ್ಕೇ ಇವರ ಕೈಯಲ್ಲಿ ಓಡುತ್ತಿತ್ತು. ಸಿಸ್ಟಮ್‌ಡಿಗೆ ಆದೇಶ ಕೊಡುವ ಸಿಸ್ಟಮ್‌ಸಿಟಿಎಲ್‌ನ ಕೈಪಿಡಿಯಲ್ಲಿ ಲಿಂಕ್ ಬಗ್ಗೆ ಹೇಳುವಲ್ಲಿ ಈ ಎಚ್ಚರಿಕೆ ಇದೆ.

ಲಿಂಕ್ ಬದಲು ಯುನಿಟ್ ಫೈಲನ್ನೇ ಇಟಿಸಿ ಕೆಳಗೆ ನಕಲು ಮಾಡಿ, ಬೂಟ್‌ನಲ್ಲಿ ತಾನೇ ಏಳುವಂತೆ ಎನೇಬಲ್ ಮಾಡಿ ಎಂದೆ. ಅದರಲ್ಲಿ 'ರಿಕ್ವೈರ್ಸ್‌ಮೌಂಟ್ಸ್‌ಫಾರ್' ಸಾಲು ಹಾಕಿ ಆ ಡಿಸ್ಕ್‌ನ ಜಾಗ ಬರೆಯಿರಿ. ಆಗ ಮೌಂಟ್ ಆಗುವ ತನಕ ಸರ್ವಿಸ್ ಕಾಯುತ್ತೆ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ, ಆ ಡಿಸ್ಕ್‌ನ ಸಾಲಿಗೆ 'ನೋಫೇಲ್' (ಸಿಗದಿದ್ದರೂ ಬೂಟ್ ನಿಲ್ಲಿಸಬೇಡ) ಇರಲಿ. ಇಲ್ಲದಿದ್ದರೆ ಡಿಸ್ಕ್ ಕೈಕೊಟ್ಟ ದಿನ, ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಇಡೀ ಸರ್ವರ್ ಪೂರ್ತಿ ಏಳದೆ, ರಿಪೇರಿಗಷ್ಟೇ ಇರುವ ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತೆ.

ಹಾಳೆಯನ್ನು ಬಹಳ ಹೊತ್ತು ನೋಡಿದರು. "ಅಷ್ಟೇನಾ?" ಎಂದರು. ಭುಜ ಇಳಿಯಿತು.

ಉಳಿದದ್ದು ಮನಸ್ಸಿನ ಕೆಲಸ. ಕಚೇರಿ ಮುಗಿದ ಮೇಲೆ ನೀವೇ ಮೂರು ಸಲ ರೀಬೂಟ್ ಮಾಡಿ, ಏನನ್ನೂ ಮುಟ್ಟದೆ ನೋಡುತ್ತ ಕೂತಿರಿ ಎಂದೆ. ಭಯ ಜಾಸ್ತಿ ಇದ್ದದ್ದು ಅಲ್ಲೇ. ಜೊತೆಗೊಬ್ಬ ಸಹೋದ್ಯೋಗಿಗೂ ಕಲಿಸಿ, ರಾತ್ರಿ ಮೊಬೈಲ್ ಪಕ್ಕದ ಕೋಣೆಯಲ್ಲಿಡಿ. ನಿದ್ದೆ ಎರಡು ವಾರದಲ್ಲೂ ಸರಿಹೋಗದಿದ್ದರೆ ವೈದ್ಯರನ್ನು ನೋಡೋಣ ಎಂದೆ.

ಮೂರನೇ ಭೇಟಿಗೆ ಸೋಮವಾರ ಬಂದರು. ಕೈಯಲ್ಲಿ ಅಮ್ಮ ಕೊಟ್ಟ ಹಲಸಿನ ಹಪ್ಪಳದ ಕಟ್ಟು.