-ಓ0ದಲ್ಲಿ ಸುಮ್ಮನಿರುವ ಜಿಸಿಸಿ -ಓ2 ಹಾಕಿದ ಕೂಡಲೇ ‘ಅರೇ ಬೌಂಡ್ಸ್’ ವಾರ್ನಿಂಗ್ ಕೊಡುವುದೇಕೆ?

ನೀವು ಯಾದಗಿರಿಯಿಂದ ಕೇಳಿದ್ದು ಇಷ್ಟು: ಸಿ ಭಾಷೆಯ ಪ್ರೋಗ್ರಾಂ ಒಂದನ್ನು ಜಿಸಿಸಿ ಎಂಬ ಕಂಪೈಲರಿಗೆ ಕೊಡುತ್ತಿದ್ದೀರಿ. ಅದರಲ್ಲಿ ಜಿಲ್ಲೆಯ 6 ತಾಲ್ಲೂಕುಗಳ (ಯಾದಗಿರಿ, ಶಹಾಪುರ, ಸುರಪುರ, ಗುರುಮಠಕಲ್, ವಡಗೇರಾ, ಹುಣಸಗಿ) ಮಳೆ ಲೆಕ್ಕ ಇಡಲು ‘ಇಂಟ್ ಮಳೆ[6]’ ಎಂಬ ಅರೇ (0ರಿಂದ 5ರವರೆಗೆ ಎಣಿಸುವ ಆರು ಮನೆಗಳ ಪಟ್ಟಿ) ಇದೆ. ‘ತಪಾಸಣೆ(ಐ)’ ಎಂಬ ಚಿಕ್ಕ ಫಂಕ್ಷನ್ ಇದೆ. ಐ 6 ಅಥವಾ ಅದಕ್ಕಿಂತ ಹೆಚ್ಚಿದ್ದರೆ ‘ತಪ್ಪು ಸಂಖ್ಯೆ’ ಎಂದು ಪ್ರಿಂಟ್ ಮಾಡುತ್ತದೆ. ಅದನ್ನು ಒಮ್ಮೆ ಕರೆದು, ಮಳೆ[ಐ] ಓದಿ, ಮೊತ್ತ ಬರೆಯುವ ಮುಂಚೆ ಇನ್ನೊಮ್ಮೆ ಕರೆದಿದ್ದೀರಿ. -ಓ2 (ಕೋಡ್ ವೇಗಗೊಳಿಸು ಎಂಬ ಸೂಚನೆ; -ಓ0 ಎಂದರೆ ಅದು ಬೇಡ) ಜೊತೆ -ಡಬ್ಲ್ಯೂಆಲ್ (ಸಾಮಾನ್ಯ ವಾರ್ನಿಂಗ್ ತೋರಿಸು ಎಂಬ ಸೂಚನೆ) ಹಾಕಿದರೆ ‘ಅರೇ ಸಬ್‌ಸ್ಕ್ರಿಪ್ಟ್ 6 ಈಸ್ ಅಬೌ ಅರೇ ಬೌಂಡ್ಸ್ ಆಫ್ ಇಂಟ್[6]’, ಅಂದರೆ 6 ಎಂಬ ಸಂಖ್ಯೆ ಅರೇಯ ಹದ್ದು ಮೀರಿದೆ ಎಂದು ಬರುತ್ತದೆ. ಮಳೆ[6] ಎಂದು ಎಲ್ಲೂ ಬರೆದಿಲ್ಲ, ಇದು ಕಂಪೈಲರಿನ ದೋಷವೇ ಎಂಬುದು ನಿಮ್ಮ ಪ್ರಶ್ನೆ.

ದೋಷ ಕಂಪೈಲರಿನದಲ್ಲ. ನಿಮ್ಮ ತಪಾಸಣೆ ತಪ್ಪನ್ನು ಹೇಳುತ್ತದೆ, ತಡೆಯುವುದಿಲ್ಲ. ವಾರ್ನಿಂಗ್ ಹುಟ್ಟಿದ್ದು ಅಲ್ಲಿಂದಲೇ.

ಒಳಗೆ ನಡೆಯುವುದು ಹೀಗೆ. -ಓ2ದಲ್ಲಿ ಮೊದಲು ತಪಾಸಣೆ ಫಂಕ್ಷನ್ ಇನ್‌ಲೈನ್ ಆಗುತ್ತದೆ, ಅಂದರೆ ಅದರ ಒಳಗಿನ ಇಫ್ ಎರಡೂ ಕಡೆ ನಿಮ್ಮ ಮುಖ್ಯ ಫಂಕ್ಷನ್ನಿಗೇ ಬಂದು ಕೂರುತ್ತದೆ. ಈಗ ‘ಐ 6ಕ್ಕಿಂತ ಕಡಿಮೆಯೋ ಅಲ್ಲವೋ’ ಎಂಬ ಒಂದೇ ಪ್ರಶ್ನೆ ಎರಡು ಸಲ ಇದೆ, ನಡುವೆ ಐ ಬದಲಾಗಿಲ್ಲ. ಮೊದಲ ಸಲ ‘ಅಲ್ಲ, ಕಡಿಮೆಯಿಲ್ಲ’ ಎಂದು ಉತ್ತರ ಬಂದರೆ ಎರಡನೆಯ ಸಲ ಮತ್ತೆ ಕೇಳುವ ಅಗತ್ಯವೇ ಇಲ್ಲ. ಹಾಗಾಗಿ ಜಿಸಿಸಿ ಆ ಎರಡು ಪ್ರಶ್ನೆಗಳ ನಡುವಿನ ಕೋಡ್‌ನ ಎರಡು ಪ್ರತಿ ಮಾಡುತ್ತದೆ: ಒಂದು ಐ ಸರಿ ಇರುವ ದಾರಿಗೆ, ಇನ್ನೊಂದು ಐ ತಪ್ಪಿರುವ ದಾರಿಗೆ. ಇದಕ್ಕೆ ಜಂಪ್ ಥ್ರೆಡಿಂಗ್ ಎನ್ನುತ್ತಾರೆ. ಮಳೆ[ಐ] ಓದುವ ಸಾಲು ಆ ನಡುವೆಯೇ ಇರುವುದರಿಂದ ಅದಕ್ಕೂ ಎರಡು ಪ್ರತಿ. ತಪ್ಪು ದಾರಿಯ ಪ್ರತಿಯಲ್ಲಿ ಐ ಬೆಲೆ 6ರಿಂದ ಮೇಲೆ ಎಷ್ಟಾದರೂ ಇರಬಹುದು, ಆದರೆ 6ಕ್ಕಿಂತ ಕೆಳಗೆ ಇರಲಾರದು. ಅಲ್ಲಿ ಅರೇ ಓದಿದರೆ ಅದು ಖಂಡಿತ ಹದ್ದು ಮೀರಿದ್ದು. ಆ ವ್ಯಾಪ್ತಿಯ ಅತಿ ಚಿಕ್ಕ ಸಂಖ್ಯೆಯನ್ನು ಎತ್ತಿ ಜಿಸಿಸಿ ‘6’ ಎಂದು ತೋರಿಸುತ್ತದೆ. ನೀವು ಬರೆಯದ 6 ಬಂದದ್ದು ಹೀಗೆ.

-ಓ0ದಲ್ಲಿ ಇನ್‌ಲೈನ್ ಇಲ್ಲ, ಪ್ರತಿ ಮಾಡುವುದಿಲ್ಲ, ಬೆಲೆಗಳ ವ್ಯಾಪ್ತಿ ಲೆಕ್ಕ ಹಾಕುವ ಹಂತವೂ ಇಲ್ಲ. ಆ ಹಂತ -ಓ2ದಿಂದ ಮೇಲೆ ತಾನಾಗಿ ಚಾಲೂ ಆಗುತ್ತದೆ, ಈ ವಾರ್ನಿಂಗ್ ಬಹುಪಾಲು ಅದನ್ನೇ ನೆಚ್ಚಿಕೊಂಡಿದೆ. ಕ್ಲ್ಯಾಂಗ್‌ನಲ್ಲಿ (ಇನ್ನೊಂದು ಸಿ ಕಂಪೈಲರ್) ಇದೇ ಹೆಸರಿನ ವಾರ್ನಿಂಗ್ ಮೂಲ ಕೋಡ್ ಓದುವ ಹಂತದಲ್ಲೇ ಹುಟ್ಟುತ್ತದೆ, ಅದಕ್ಕೇ ಅಲ್ಲಿ ಇದು ಕಾಣುವುದಿಲ್ಲ. ಕಾಣದಿದ್ದ ಮಾತ್ರಕ್ಕೆ ಕೋಡ್ ಸರಿ ಎಂದು ತಿಳಿಯಬೇಡ್ರಿ.

ಇದನ್ನು ಖಾತ್ರಿ ಮಾಡಿಕೊಳ್ಳಲು ತಪಾಸಣೆ ಫಂಕ್ಷನ್ನಿಗೆ ನೋಇನ್‌ಲೈನ್ ಆಟ್ರಿಬ್ಯೂಟ್ (ಇದನ್ನು ಇನ್‌ಲೈನ್ ಮಾಡಬೇಡ ಎಂಬ ಗುರುತು) ಹಚ್ಚಿ ಮತ್ತೆ ಕಂಪೈಲ್ ಮಾಡ್ರಿ. ವಾರ್ನಿಂಗ್ ಹೋದರೆ ಕಾರಣ ಇದೇ. ಇನ್ನೂ ಕಣ್ಣಾರೆ ನೋಡಬೇಕೆಂದರೆ -ಎಫ್‌ಡಂಪ್-ಟ್ರೀ-ಆಪ್ಟಿಮೈಜ್ಡ್ ಕೊಟ್ಟು, ಹೊರಬರುವ ಫೈಲಿನಲ್ಲಿ ಮಳೆ ಎಂದು ಹುಡುಕ್ರಿ. ಒಂದೇ ಸಾಲು ಎರಡು ಕಡೆ ಸಿಗಬಹುದು. ಆದರೆ ನೋಇನ್‌ಲೈನ್ ಪರೀಕ್ಷೆಗೆ ಮಾತ್ರ, ಅದನ್ನೇ ಪರಿಹಾರ ಮಾಡಿಕೊಳ್ಳಬೇಡ್ರಿ. ಎರಡನೆಯ ತಪಾಸಣೆ ಅಳಿಸಿದರೂ ವಾರ್ನಿಂಗ್ ಹೋಗುವ ಸಾಧ್ಯತೆ ಹೆಚ್ಚು, ಏಕೆಂದರೆ ಪ್ರತಿ ಮಾಡಲು ಆಗ ಕಾರಣ ಇರುವುದಿಲ್ಲ. ಐ 9 ಬಂದರೆ ಮಳೆ[9] ಓದುವ ತಪ್ಪು ಮಾತ್ರ ಹಾಗೇ ಉಳಿಯುತ್ತದೆ. ಬಹಳ ಜನ ಇಲ್ಲೇ ಎಡವುತ್ತಾರೆ: ಕೋಡ್ ಸ್ವಲ್ಪ ಅತ್ತಿತ್ತ ಸರಿಸಿದರೆ ವಾರ್ನಿಂಗ್ ಮಾಯ, ಹಾಗಾದರೆ ಅದು ಸುಳ್ಳು ಎಂದುಕೊಳ್ಳುತ್ತಾರೆ.

ಸರಿಯಾದ ತಿದ್ದುಪಡಿ ನಿಮ್ಮ ಉದ್ದೇಶದ ಮೇಲಿದೆ. ತಪ್ಪು ಸಂಖ್ಯೆ ಬಂದರೂ ಪ್ರೋಗ್ರಾಂ ಮುಂದುವರಿಯಬೇಕು ಎಂದರೆ ತಪಾಸಣೆ ಫಂಕ್ಷನ್ ಹೌದು-ಅಲ್ಲ ಎಂದು ಬೆಲೆ ಹಿಂತಿರುಗಿಸಲಿ. ‘ಅಲ್ಲ’ ಬಂದಾಗ ಕರೆದ ಫಂಕ್ಷನ್ ಅರೇ ಮುಟ್ಟುವ ಮುಂಚೆಯೇ ರಿಟರ್ನ್ ಆಗಲಿ. ಪ್ರೋಗ್ರಾಂ ಅಲ್ಲಿಗೇ ನಿಲ್ಲಬೇಕು ಎಂದರೆ ಪ್ರಿಂಟ್ ಆದ ಮೇಲೆ ಎಕ್ಸಿಟ್ ಅಥವಾ ಅಬಾರ್ಟ್ ಕರೆಯಿರಿ. ಆ ಎಕ್ಸಿಟ್ ಬೇರೆ ಫೈಲಿನ ಫಂಕ್ಷನ್ ಒಳಗಿದ್ದರೆ ಕಂಪೈಲರಿಗೆ ಅದು ಕಾಣುವುದಿಲ್ಲ. ಆ ಫಂಕ್ಷನ್ ವಾಪಸ್ ಬರುತ್ತದೆಂದೇ ಅದು ಎಣಿಸುತ್ತದೆ. ಆಗ ಬರುವ ವಾರ್ನಿಂಗ್ ನಿಜಕ್ಕೂ ಸುಳ್ಳೇ. ಹೆಡರ್‌ನಲ್ಲಿ ಆ ಫಂಕ್ಷನ್ನಿಗೆ ನೋರಿಟರ್ನ್ (ವಾಪಸ್ ಬರುವುದಿಲ್ಲ) ಎಂದು ಹಚ್ಚಿದರೆ ಸಾಕು. ಸಿ11ರಿಂದ ಇದು ಭಾಷೆಯಲ್ಲೇ ಇದೆ, ಹಳೆಯ ಕೋಡ್‌ಗೆ ಜಿಸಿಸಿಯ ಆಟ್ರಿಬ್ಯೂಟ್ ಇದೆ.

ಇನ್ನೊಂದು ಕೊರತೆ: ನಿಮ್ಮ ಐ ಸೈನ್ಡ್ ಇಂಟ್, ಅಂದರೆ ಅದು ಋಣ ಸಂಖ್ಯೆಯೂ ಆಗಬಹುದು. 6ರ ಮೇಲಿನದನ್ನು ಮಾತ್ರ ಪರೀಕ್ಷಿಸುತ್ತಿದ್ದೀರಿ, -1 ಬಂದರೆ ಏನು? ಐ ಅನ್‌ಸೈನ್ಡ್ ಮಾಡ್ರಿ. 32 ಬಿಟ್‌ನಲ್ಲಿ -1 ಎಂಬುದು 4294967295 ಆಗಿ ಅದೇ ಒಂದು ಹೋಲಿಕೆಗೆ ಸಿಕ್ಕಿಬೀಳುತ್ತದೆ. ಜೊತೆಗೆ 6 ಎಂದು ಅಲ್ಲಲ್ಲಿ ಬರೆಯುವುದನ್ನು ಬಿಟ್ಟು, ಅರೇಯ ಸೈಜ್‌ಆಫ್ ಅನ್ನು ಒಂದು ಅಂಶದ ಸೈಜ್‌ಆಫ್‌ನಿಂದ ಭಾಗಿಸಿ ಬಳಸ್ರಿ. ಇದೇ ಪ್ರೋಗ್ರಾಂ ನಾಳೆ ಬೀದರಿಗೆ ಹೋದರೆ 8 ತಾಲ್ಲೂಕು, ಕಲಬುರಗಿಗೆ ಹೋದರೆ 11. ಒಂದು ಲೂಪಿನ ಮಿತಿ 11 ಆಗಿ ಅರೇ 6ರಲ್ಲೇ ಉಳಿದರೆ ‘ಇಟರೇಶನ್ 6 ಇನ್ವೋಕ್ಸ್ ಅನ್‌ಡಿಫೈನ್ಡ್ ಬಿಹೇವಿಯರ್’ ಎಂಬ ಬೇರೆ ವಾರ್ನಿಂಗ್ ಬರಬಹುದು. ಅದನ್ನಂತೂ ಕಡೆಗಣಿಸಲೇಬೇಡ್ರಿ: ಹದ್ದು ಮೀರಿದ ಓದು ಎಂದೂ ನಡೆಯದು ಎಂದು ನಂಬಿ ಕಂಪೈಲರ್ ಲೂಪ್ ನಿಲ್ಲಿಸುವ ಪರೀಕ್ಷೆಯನ್ನೇ ತೆಗೆದುಹಾಕಬಹುದು, ಲೂಪ್ ನಿಲ್ಲದೆ ಓಡಬಹುದು.

ಇದೇ ಗುಂಪಿನ ಎರಡು ವಿಚಿತ್ರ ಸಂದೇಶಗಳು ಮುಂದೆ ನಿಮಗೂ ಸಿಕ್ಕಾವು. ‘ಪಾರ್ಟ್ಲಿ ಔಟ್‌ಸೈಡ್ ಅರೇ ಬೌಂಡ್ಸ್ ಆಫ್ ಅನ್‌ಸೈನ್ಡ್ ಚಾರ್[8]’ ಎಂದು ಬಂದು, ಕೋಡ್‌ನಲ್ಲಿ ಅಂಥ ಅರೇಯೇ ಇಲ್ಲದಿದ್ದರೆ ಮ್ಯಾಲಾಕ್ (ಓಡುವಾಗ ಮೆಮೊರಿ ಕೇಳಿ ಪಡೆಯುವ ಫಂಕ್ಷನ್) ಸಾಲನ್ನು ನೋಡ್ರಿ. ಮ್ಯಾಲಾಕ್ ಕೊಟ್ಟ ಜಾಗವನ್ನು ಜಿಸಿಸಿ ಬೈಟುಗಳ ಅರೇ ಎಂದು ಹೆಸರಿಸುತ್ತದೆ. ಆ 8 ಎಂಬುದು 64 ಬಿಟ್ ಯಂತ್ರದ ಪಾಯಿಂಟರ್ (ಮೆಮೊರಿ ವಿಳಾಸ ಇಡುವ ವೇರಿಯಬಲ್) ಅಳತೆ. ಸ್ಟ್ರಕ್ಟ್‌ನ ಅಳತೆ ಕೊಡುವ ಬದಲು ಪಾಯಿಂಟರಿನದೇ ಅಳತೆ ಕೊಟ್ಟಿರುತ್ತೀರಿ, ಸೈಜ್‌ಆಫ್ ಒಳಗೆ ಒಂದು ನಕ್ಷತ್ರ ಚಿಹ್ನೆ ಬಿಟ್ಟುಹೋಗಿರುತ್ತದೆ. ಎರಡನೆಯದು ಮೈಕ್ರೋಕಂಟ್ರೋಲರ್ ಕೋಡ್‌ನದು: ರಿಜಿಸ್ಟರಿನ ವಿಳಾಸ 4096ಕ್ಕಿಂತ ಕೆಳಗಿದ್ದರೆ ಜಿಸಿಸಿ 12 ಅದನ್ನು ನಲ್ ಪಾಯಿಂಟರಿನಿಂದ ಹುಟ್ಟಿದ್ದೆಂದು ಎಣಿಸಿ ‘[0]’ ಅಳತೆಯ ಅರೇ ಎಂದು ದೂರುತ್ತದೆ. ಅಲ್ಲಿ ನಿಮ್ಮ ತಪ್ಪಿಲ್ಲ; --ಪ್ಯಾರಾಮ್=ಮಿನ್-ಪೇಜ್‌ಸೈಜ್=0 ಕೊಟ್ಟರೆ ಸರಿಹೋಗುತ್ತದೆ.

ತಿದ್ದಿದ ಮೇಲೆ -ಜಿ -ಓ1 -ಎಫ್‌ಸ್ಯಾನಿಟೈಜ್=ಅಡ್ರೆಸ್,ಅನ್‌ಡಿಫೈನ್ಡ್ ಹಾಕಿ, 5, 6 ಮತ್ತು -1 ಮೂರನ್ನೂ ಕೊಟ್ಟು ಓಡಿಸ್ರಿ. ಸ್ಯಾನಿಟೈಜರ್ (ಪ್ರೋಗ್ರಾಂ ಓಡುವಾಗಲೇ ತಪ್ಪು ಹಿಡಿಯುವ ಸೌಲಭ್ಯ) ನೋಡುವುದು ಓಡಿದ ದಾರಿಯನ್ನು ಮಾತ್ರ, ಹಾಗಾಗಿ ತಪ್ಪು ಸಂಖ್ಯೆಯನ್ನು ಬೇಕೆಂದೇ ಕೊಡಬೇಕು. ಪ್ರಾಗ್ಮಾ (ಕೋಡ್ ಒಳಗೇ ಕಂಪೈಲರಿಗೆ ಕೊಡುವ ಸೂಚನೆ) ಬರೆದು ವಾರ್ನಿಂಗ್ ಬಾಯಿ ಮುಚ್ಚಿಸುವುದನ್ನು ನಾನು ಕೊನೆಗೆ ಇಡುತ್ತೇನೆ, ಅದೂ ಪುಶ್ ಮತ್ತು ಪಾಪ್ ನಡುವೆ ಆ ಒಂದು ಫಂಕ್ಷನ್ನಿಗಷ್ಟೇ. ಇಡೀ ಮೇಕ್‌ಫೈಲಿಗೆ ಹಾಕಿದರೆ ನಾಳಿನ ನಿಜವಾದ ತಪ್ಪೂ ಮುಚ್ಚಿಹೋಗುತ್ತದೆ. ಇಷ್ಟಾಗಿಯೂ ಉಳಿದರೆ ಜಿಸಿಸಿ ಆವೃತ್ತಿ ಮತ್ತು ವಾರ್ನಿಂಗ್ ಮೇಲಿನ ‘ಇನ್‌ಲೈನ್ಡ್ ಫ್ರಮ್’ ಸಾಲುಗಳನ್ನು ಪೂರ್ತಿ ಹಾಕ್ರಿ; ಯಾವ ಕರೆಯ ಮೂಲಕ ಆ ಸಾಲಿಗೆ ಬಂತೆಂಬುದು ಅಲ್ಲೇ ಇರುತ್ತದೆ.